ಅಕ್ರಮ ಅಂದರೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಕೋರ್ಟ್ ಆವರಣದಲ್ಲಿ ಬೆಳಿಗ್ಗೆ ಹತ್ತೂವರೆಗೆ ಸುಮ್ನೆ ನಿಂತುಕೊಂಡರೆ ಸಾಕು, ‘ಅಕ್ರಮ’ ಅನ್ನುವ ಪದ ಹತ್ತಾರು ಸಲ ಕಿವಿಗೆ ಬೀಳುತ್ತದೆ. ಅಕ್ರಮ ಸಾಗುವಳಿ, ಅಕ್ರಮ ಕೂಟ, ಅಕ್ರಮ ಕ್ವಾರಿ, ಅಕ್ರಮ ಲೇಔಟ್. ಹೇಳುವವರ ಮನಸ್ಸಲ್ಲಿ ಒಂದು ಅರ್ಥ, ಕೇಳುವವರಿಗೆ ಇನ್ನೊಂದು, ಕಾನೂನಿಗೆ ಮತ್ತೊಂದು. ಇಲ್ಲಿರುವ ಪ್ರಶ್ನೆಗಳು ಕಕ್ಷಿದಾರರು ಕೇಳಿದ್ದು, ಕಾಗದದಲ್ಲಿ ಬರೆದದ್ದು, ಟೀ ಅಂಗಡಿ ಮುಂದೆ ತಡೆದು ನಿಲ್ಲಿಸಿ ಕೇಳಿದ್ದು. ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಇದನ್ನು ನಿಮ್ಮ ಕೇಸಿಗೆ ಸಲಹೆ ಅಂದುಕೊಳ್ಳಬೇಡಿ. ಕಾಗದಪತ್ರ ನೋಡದೆ ಸಲಹೆ ಕೊಡುವ ವಕೀಲರನ್ನು ನಂಬಬಾರದು, ನಾನೂ ಅದರಲ್ಲಿ ಸೇರಿದ್ದೇನೆ.

## ಮೊದಲು ಪದದ ವಿಷಯ

ಲಾಯರ್ ಸಾರ್, ಅಕ್ರಮ ಅಂದ್ರೆ ಒಂದೇ ಮಾತಲ್ಲಿ ಏನು?

ಕ್ರಮ ತಪ್ಪಿದ್ದು. ಅಷ್ಟೇ. ಕ್ರಮ ಅನ್ನುವುದು ಸಂಸ್ಕೃತದ ‘ಕ್ರಮ್’ ಧಾತುವಿನಿಂದ ಬಂದದ್ದು, ಅದರ ಮೂಲ ಅರ್ಥ ಹೆಜ್ಜೆ ಇಡುವುದು. ಒಂದರ ಹಿಂದೆ ಒಂದು ಹೆಜ್ಜೆ ಇಟ್ಟರೆ ಕ್ರಮ. ಅದಕ್ಕೆ ‘ಅ’ ಸೇರಿದರೆ ಅಕ್ರಮ. ಪದದಲ್ಲಿ ಕಳ್ಳತನ, ಮೋಸ, ಜೈಲು ಯಾವುದೂ ಇಲ್ಲ. ಅವೆಲ್ಲ ನಾವು ಬಳಸಿ ಬಳಸಿ ಅಂಟಿಸಿದ್ದು.

ಅಕ್ರಮಣ, ಆಕ್ರಮಣ, ಅತಿಕ್ರಮಣ, ಒತ್ತುವರಿ. ಅರ್ಜಿಯಲ್ಲಿ ಯಾವುದು ಬರೆದರೂ ನಡೆಯುತ್ತಾ?

ನಡೆಯುತ್ತದೆ, ಆದರೆ ಬರೆದವರ ಮೇಲೆ ಓದುವವರಿಗೆ ನಂಬಿಕೆ ಕಡಿಮೆ ಆಗುತ್ತದೆ. ‘ಅಕ್ರಮಣ’ ಅನ್ನುವ ಪದವೇ ಇಲ್ಲ. ಆದರೂ ಟೈಪಿಂಗ್ ಅಂಗಡಿಯಿಂದ ಬರುವ ಅರ್ಜಿಗಳಲ್ಲಿ ಅದೇ ಜಾಸ್ತಿ. ಆಕ್ರಮಿಸುವುದು ಅಂದರೆ ಮೇಲೆ ಬಿದ್ದು ವಶ ಮಾಡಿಕೊಳ್ಳುವುದು. ಅತಿಕ್ರಮಿಸುವುದು ಅಂದರೆ ಗಡಿ ದಾಟಿ ಕಾಲಿಡುವುದು. ಅಕ್ರಮ, ಆಕ್ರಮಣ, ಅತಿಕ್ರಮಣ ಮೂರಕ್ಕೂ ಬೇರು ಅದೇ ‘ಹೆಜ್ಜೆ’. ಒತ್ತುವರಿ ಮಾತ್ರ ಅಪ್ಪಟ ಕನ್ನಡ. ಪಕ್ಕದವನ ಬದುವನ್ನು ವರ್ಷಕ್ಕೆ ಒಂದು ಗೇಣಿನಂತೆ ಒತ್ತಿಕೊಂಡು ಹೋಗುವುದು ಹೇಗೆ ಅಂತ ನೋಡಿದವರಿಗೆ ಆ ಪದದ ಸೊಗಸು ಗೊತ್ತಾಗುತ್ತದೆ. ಜಮೀನಿನ ಅರ್ಜಿಗೆ ನಾನು ಒತ್ತುವರಿ ಅಂತಲೇ ಬರೆಯುತ್ತೇನೆ.

ಅಕ್ರಮ ಅಂದ್ರೆ ಅಪರಾಧ ಅಂತಾನೇ ಅಲ್ವಾ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯ ಇದ್ದರೆ ಇದನ್ನೇ ಓದಿ.

1860ರ ಭಾರತೀಯ ದಂಡ ಸಂಹಿತೆಯ (ಐಪಿಸಿ) 43ನೇ ಕಲಂ ಈ ಪದಕ್ಕೆ ಅರ್ಥ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 2ನೇ ಕಲಂ ಕೂಡ ಅದೇ ಅರ್ಥವನ್ನು ಉಳಿಸಿಕೊಂಡಿದೆ. ಅದರ ಪ್ರಕಾರ ಮೂರು ಬಗೆಯವು ಅಕ್ರಮ. ಅಪರಾಧವಾಗಿರುವುದು ಒಂದು. ಕಾನೂನು ಬೇಡ ಎಂದಿರುವುದು ಇನ್ನೊಂದು. ಸಿವಿಲ್ ದಾವೆ ಹೂಡಲು ಕಾರಣವಾಗುವುದು ಮೂರನೆಯದು.

ಮೂರನೆಯದನ್ನು ಗಮನಿಸಿ. ನಿಮ್ಮ ಪಕ್ಕದವರು ಸೂರಿನ ನೀರನ್ನು ನಿಮ್ಮ ಗೋಡೆಗೆ ಬಿಟ್ಟು ಗೋಡೆ ಕುಸಿದರೆ ನೀವು ಪರಿಹಾರಕ್ಕೆ ದಾವೆ ಹಾಕಬಹುದು. ಆದ್ದರಿಂದ ಅದು ಅಕ್ರಮ. ಆದರೆ ಅಷ್ಟಕ್ಕೇ ಪೊಲೀಸರು ಬಂದು ಅವರನ್ನು ಹಿಡಿಯುವುದಿಲ್ಲ. ಎಲ್ಲ ಅಪರಾಧವೂ ಅಕ್ರಮ. ಎಲ್ಲ ಅಕ್ರಮವೂ ಅಪರಾಧವಲ್ಲ. ಸ್ಟೇಷನ್‌ಗೆ ಹೋಗಿ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅಂತ ಕೇಳಿಸಿಕೊಂಡು ಸಿಟ್ಟಾಗಿ ಬರುವವರಲ್ಲಿ ಅರ್ಧ ಜನ ಈ ವ್ಯತ್ಯಾಸದಲ್ಲೇ ಎಡವಿರುತ್ತಾರೆ. ಉಳಿದರ್ಧ ಜನರ ಸಿಟ್ಟು ನ್ಯಾಯವಾದದ್ದೇ.

ಏನೂ ಮಾಡದೆ ಕೂರುವುದೂ ಅಕ್ರಮ ಆಗಬಹುದು. ಕೈದಿಗೆ ಊಟ ಕೊಡಬೇಕಾದ ಜೈಲರ್ ಕೊಡದೆ ಇದ್ದರೆ ಅದು ಅಕ್ರಮ ಲೋಪ. ಕಾನೂನು ಒಬ್ಬರ ಮೇಲೆ ಹೊಣೆ ಹೊರಿಸಿದ್ದರೆ ಕೈಕಟ್ಟಿ ಕೂತದ್ದೂ ಕೆಲಸದ ಲೆಕ್ಕಕ್ಕೇ ಬರುತ್ತದೆ.

ಹಾಗಾದ್ರೆ ಅನಧಿಕೃತ, ಅಮಾನ್ಯ, ಅನೂರ್ಜಿತ ಇವೆಲ್ಲ ಏನು?

ಅನಧಿಕೃತ ಅಂದರೆ ಅನುಮತಿ ಇಲ್ಲದೆ ಮಾಡಿದ್ದು. ಅಮಾನ್ಯ, ಅನೂರ್ಜಿತ ಅಂದರೆ ಕಾನೂನಿನ ಕಣ್ಣಲ್ಲಿ ಬೆಲೆ ಇಲ್ಲದ್ದು.

ಉದಾಹರಣೆಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಕೊಂಡರೆ ಆ ಕ್ರಯ ಅಮಾನ್ಯ. ರಿಜಿಸ್ಟರ್ ಆಗಿದೆ, ಸ್ಟಾಂಪ್ ಶುಲ್ಕ ಕಟ್ಟಿದ್ದೇವೆ, ಪಹಣಿಯಲ್ಲಿ ಹೆಸರು ಬಂದಿದೆ ಅಂದರೂ ಅಮಾನ್ಯವೇ. ನಮ್ಮ ಕಡೆಯ ಜಿಲ್ಲೆಗಳಲ್ಲೂ ಇಂಥ ಜಮೀನು ಇದೆ. ಪಿಟಿಸಿಎಲ್ (ಇದೇ ಕಾಯ್ದೆಯ ಚುಟುಕು ಹೆಸರು) ಅಂತ ಯಾರಾದರೂ ಬಾಯಿಬಿಟ್ಟರೆ ಮುಂಗಡ ಕೊಡುವ ಮೊದಲು ಮೂಲ ಮಂಜೂರಾತಿ ಕಾಗದ ಕೇಳಿ.

## ಸ್ಟೇಷನ್ನು, ಪೇಪರ್ರು

ಎಫ್‌ಐಆರ್‌ನಲ್ಲಿ ‘ಅಕ್ರಮ ಕೂಟ ಕಟ್ಟಿಕೊಂಡು’ ಅಂತ ಬರೆದಿದ್ದಾರೆ. ನಾನು ಜಗಳ ನೋಡ್ತಾ ನಿಂತಿದ್ದೆ ಅಷ್ಟೇ.

ಅಕ್ರಮ ಕೂಟಕ್ಕೆ ಕನಿಷ್ಠ ಐದು ಜನ ಬೇಕು. ನಾಲ್ಕು ಜನ ಎಷ್ಟೇ ಗಲಾಟೆ ಮಾಡಿದರೂ ಅದು ಅಕ್ರಮ ಕೂಟ ಅಲ್ಲ, ಬೇರೆ ಕಲಂ. ಐದು ಜನ ಸೇರಿದ ತಕ್ಷಣವೂ ಆಗುವುದಿಲ್ಲ. ಕಾನೂನು ಪಟ್ಟಿ ಮಾಡಿರುವ ಉದ್ದೇಶಗಳಲ್ಲಿ ಒಂದನ್ನು ಅವರೆಲ್ಲ ಹಂಚಿಕೊಂಡಿರಬೇಕು. ಬಲ ತೋರಿಸಿ ಯಾರದೋ ಆಸ್ತಿ ಕಿತ್ತುಕೊಳ್ಳುವುದು ಅಂಥದ್ದೊಂದು. ನ್ಯಾಯ ಸಂಹಿತೆಯ 189ನೇ ಕಲಂ ಇದು, ಹಿಂದೆ ಐಪಿಸಿ 141.

ಇದರ ನಿಜವಾದ ಹಲ್ಲು ಇರುವುದು 190ರಲ್ಲಿ, ಅಂದರೆ ಹಳೆಯ 149ರಲ್ಲಿ. ಕೂಟದ ಒಬ್ಬ ಆ ಉದ್ದೇಶಕ್ಕಾಗಿ ಅಪರಾಧ ಮಾಡಿದರೆ ಕೂಟದಲ್ಲಿದ್ದ ಎಲ್ಲರೂ ಹೊಣೆ. ಒಬ್ಬ ಮಚ್ಚು ಬೀಸಿದರೆ ಬರಿಗೈಲಿ ಇದ್ದವನೂ ಸಿಕ್ಕಿಬೀಳುತ್ತಾನೆ. ಹಳ್ಳಿ ಜಗಳದ ದೂರಿನಲ್ಲಿ ಅಣ್ಣತಮ್ಮಂದಿರು, ಅಳಿಯ, ಭಾವಮೈದ ಎಲ್ಲರ ಹೆಸರೂ ಸಾಲಾಗಿ ಬರುವುದು ಇದೇ ಕಾರಣಕ್ಕೆ. ಐದರ ಲೆಕ್ಕ ತುಂಬಬೇಕಲ್ಲ.

ಬರೀ ನೋಡುತ್ತಾ ನಿಂತವರು ಕೂಟದ ಸದಸ್ಯರಲ್ಲ ಅನ್ನುವುದು ನೆಲೆಗೊಂಡ ಕಾನೂನು. ಆದರೆ ‘ನಾನು ಬರೀ ನೋಡುತ್ತಿದ್ದೆ’ ಅಂತ ಸ್ಟೇಷನ್‌ನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಆ ಹೊತ್ತಿಗೆ ಅಲ್ಲಿ ಯಾಕೆ ಇದ್ದಿರಿ ಅಂತ ತೋರಿಸುವ ಕಾಗದ, ಸಾಕ್ಷಿ ಜೋಪಾನ ಮಾಡಿ. ಡೇರಿಗೆ ಹಾಲು ಹಾಕಿದ ಚೀಟಿ ಕೂಡ ಆಗುತ್ತದೆ.

ಮಗನನ್ನ ಕರ್ಕೊಂಡು ಹೋಗಿ ಎರಡು ದಿನ ಆಯ್ತು. ಕೋರ್ಟಿಗೂ ತಂದಿಲ್ಲ, ಬಿಟ್ಟೂ ಇಲ್ಲ. ಇದು ಅಕ್ರಮ ಬಂಧನ ಅಲ್ವಾ?

ಹೌದಮ್ಮ. ಸಂವಿಧಾನದ 22ನೇ ವಿಧಿ ಪ್ರಕಾರ ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ದಾರಿಯಲ್ಲಿ ಕಳೆದ ಸಮಯ ಮಾತ್ರ ಲೆಕ್ಕಕ್ಕಿಲ್ಲ. ‘ಅರೆಸ್ಟ್ ಮಾಡಿಲ್ಲ, ಸುಮ್ನೆ ವಿಚಾರಣೆಗೆ ಕೂರಿಸಿದ್ದೀವಿ’ ಅನ್ನುವುದು ಹಳೆಯ ಮಾತು. ಎದ್ದು ಹೋಗಲು ಬಿಡದಿದ್ದರೆ ಅದು ಬಂಧನವೇ.

ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಒಳಗಿರುವವನೇ ಸಹಿ ಹಾಕಬೇಕಿಲ್ಲ. ತಾಯಿ, ಹೆಂಡತಿ, ಸ್ನೇಹಿತ ಯಾರಾದರೂ ಆಗುತ್ತದೆ. ಅದಕ್ಕೂ ಮೊದಲು ಎಸ್‌ಪಿ ಕಚೇರಿಗೆ ದಿನಾಂಕ, ಗಂಟೆ ಬರೆದು ಒಂದು ಮನವಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎಷ್ಟೋ ಸಲ ಆ ಸೀಲು ಬಿದ್ದ ಸಂಜೆಯೇ ಹುಡುಗ ಮನೆಗೆ ಬಂದಿರುತ್ತಾನೆ.

ಖಾಸಗಿಯವರು ಸಾಲ ವಸೂಲಿಗೆ ಕೋಣೆಯಲ್ಲಿ ಕೂಡಿಹಾಕಿದರೆ ಅದಕ್ಕೂ ಕನ್ನಡದಲ್ಲಿ ಅಕ್ರಮ ಬಂಧನ ಅಂತಲೇ ಹೆಸರು. ಅದು ನ್ಯಾಯ ಸಂಹಿತೆ 127. ದಾರಿಗೆ ಅಡ್ಡ ನಿಂತು ಹೋಗಲು ಬಿಡದಿದ್ದರೆ 126, ‘ಅಕ್ರಮವಾಗಿ ತಡೆದು’ ಅಂತ ಎಫ್‌ಐಆರ್‌ಗಳಲ್ಲಿ ಬರುವುದು ಇದೇ.

ಪೇಪರ್‌ನಲ್ಲಿ ಇನ್ನೂ ‘ಅಕ್ರಮ ಸಂಬಂಧ’ ಅಂತ ಹಾಕ್ತಾರಲ್ಲ, ಅದು ಈಗ ಅಪರಾಧ ಅಲ್ಲ ಅಂತಾರೆ?

ಅಲ್ಲ. ಐಪಿಸಿ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು. ಹೊಸ ಸಂಹಿತೆಯಲ್ಲೂ ಅದು ಬಂದಿಲ್ಲ. ವಿಚ್ಛೇದನ ಕೇಳಲು ಮಾತ್ರ ಅದು ಈಗಲೂ ಕಾರಣ. ಪೇಪರಿನವರಿಗೆ ಹಳೆ ಪದ ಬಿಡಲು ಮನಸ್ಸಿಲ್ಲ, ಅಷ್ಟೆ.

‘ಅಕ್ರಮ ಸಂತಾನ’ ಅನ್ನುವುದು ಇನ್ನೂ ಕೆಟ್ಟ ಬಳಕೆ. ಮಗು ಏನು ಕ್ರಮ ತಪ್ಪಿತು? ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಅಮಾನ್ಯ ಮದುವೆಯಿಂದ ಹುಟ್ಟಿದ ಮಕ್ಕಳನ್ನೂ ಸಕ್ರಮ ಅಂತಲೇ ನೋಡುತ್ತದೆ. ಅವರಿಗೆ ತಂದೆತಾಯಿಯ ಆಸ್ತಿಯಲ್ಲಿ ಹಕ್ಕಿದೆ. ಕೂಡುಕುಟುಂಬದ ಆಸ್ತಿಯಲ್ಲಿ ಅಪ್ಪನ ಪಾಲಿಗೆ ಬರುವುದರಲ್ಲೂ ಇದೆ ಅಂತ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅಪ್ಪ ಬದುಕಿರುವಾಗಲೇ ಕೂಡುಕುಟುಂಬದ ಆಸ್ತಿಗೆ ಪಾಲುದಾರರಾಗಿ ಬಂದು ಭಾಗ ಕೇಳುವಂತಿಲ್ಲ.

ಅಕ್ರಮ ಆಸ್ತಿ ಅಂದ್ರೆ ಲಂಚದಿಂದ ಮಾಡಿದ್ದು ಅಂತ ಸಾಬೀತು ಮಾಡಬೇಕಾ?

ಬೇಡ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಇರುವುದು ‘ಆದಾಯಕ್ಕೆ ಮೀರಿದ ಆಸ್ತಿ’. ಸರ್ಕಾರಿ ನೌಕರರ ಗೊತ್ತಿರುವ ಆದಾಯಕ್ಕೂ ಆಸ್ತಿಗೂ ತಾಳೆ ಆಗದಿದ್ದರೆ ಲೆಕ್ಕ ಕೊಡಬೇಕಾದವರು ಅವರೇ. ಯಾರ ಹತ್ತಿರ, ಯಾವತ್ತು ಲಂಚ ತೆಗೆದುಕೊಂಡರು ಅಂತ ತೋರಿಸುವ ಗೊಡವೆ ಇಲ್ಲ.

## ಜಮೀನು

ನಾವು ಬಗರ್ ಹುಕುಂ ಸಾಗುವಳಿದಾರರು. ನಮ್ಮನ್ನ ಅಕ್ರಮ ಒತ್ತುವರಿದಾರರು ಅಂತ ನೋಟಿಸ್ ಕೊಟ್ಟಿದ್ದಾರೆ. ಎರಡೂ ಹೇಗೆ ಸರಿ?

ದುರದೃಷ್ಟಕ್ಕೆ ಎರಡೂ ಸರಿ. ‘ಬಗೈರ್’ ಅಂದರೆ ಇಲ್ಲದೆ, ‘ಹುಕುಂ’ ಅಂದರೆ ಆದೇಶ. ಆದೇಶವಿಲ್ಲದೆ ಉಳುಮೆ ಮಾಡುತ್ತಿರುವವರು ಅಂತಲೇ ಆ ಪದದ ಅರ್ಥ. ನಮ್ಮ ಕಡೆ ಅದನ್ನು ಹಕ್ಕಿನ ಹೆಸರಿನಂತೆ ಹೇಳುತ್ತೇವೆ, ‘ನಂದು ಬಗರ್ ಹುಕುಂ ಜಮೀನು’ ಅಂತ. ಕಾನೂನಿನ ಭಾಷೆಯಲ್ಲಿ ಅದು ತಪ್ಪೊಪ್ಪಿಗೆ.

ಆದರೆ ಇಂಥ ಅಕ್ರಮವನ್ನು ಸಕ್ರಮ ಮಾಡಲು ಕಾನೂನೇ ಬಾಗಿಲು ತೆರೆದಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 94-ಎ ಮತ್ತು 94-ಬಿ ಕಲಂಗಳು ಸಾಗುವಳಿಗೆ, 94-ಸಿ ಹಳ್ಳಿಯಲ್ಲಿ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆಗೆ, 94-ಸಿಸಿ ಪಟ್ಟಣದ ಮನೆಗೆ. ಸಾಗುವಳಿಗೆ ಮೊದಲು ಫಾರಂ 50, ಆಮೇಲೆ 53, ಕೊನೆಗೆ 2018ರ ತಿದ್ದುಪಡಿಯಿಂದ 57 ಬಂತು. ಮೊದಲೆರಡಕ್ಕೆ 1990ರ ಏಪ್ರಿಲ್ 14ಕ್ಕಿಂತ ಮುಂಚಿನ ಸಾಗುವಳಿ ಇರಬೇಕು. 57ಕ್ಕೆ 2005ರ ಜನವರಿ 1ಕ್ಕಿಂತ ಮುಂಚಿನದು. ಸ್ವಂತ ಜಮೀನೂ ಸೇರಿ 4 ಎಕರೆ 38 ಗುಂಟೆ ಮೀರಬಾರದು. ಶಾಸಕರ ಅಧ್ಯಕ್ಷತೆಯ ಸಮಿತಿ ತೀರ್ಮಾನ ಮಾಡುತ್ತದೆ. ಮಂಜೂರಾದರೆ ಸಾಗುವಳಿ ಚೀಟಿ.

ಇದರಲ್ಲಿ ಒಂದು ತಮಾಷೆ ಇದೆ. ಹಿಂದೆ ರೆವಿನ್ಯೂ ಇಲಾಖೆಯವರು ಅಕ್ರಮ ಸಾಗುವಳಿಗೆ ಟಿ.ಟಿ. ಅಂತ ಕರೆಯುವ ದಂಡ ಹಾಕುತ್ತಿದ್ದರು. ದಂಡ ಕಟ್ಟಿ ಬೈದುಕೊಂಡು ರಶೀದಿ ಹರಿದು ಹಾಕಿದವರು ಇವತ್ತು ಕೈಕೈ ಹಿಸುಕಿಕೊಳ್ಳುತ್ತಿದ್ದಾರೆ. ರಾಗಿ ಡಬ್ಬದ ಅಡಿ ರಶೀದಿ ಇಟ್ಟುಕೊಂಡಿದ್ದ ಅಜ್ಜಿಯರು ಗೆದ್ದರು. ಅಷ್ಟು ಹಿಂದೆ ಸಾಗುವಳಿ ಇತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಅಕ್ರಮ ಮಾಡಿದ್ದಕ್ಕೆ ಬಿದ್ದ ದಂಡವೇ ಸಕ್ರಮಕ್ಕೆ ದಾಖಲೆ!

ಅರ್ಜಿ ಹಾಕಿದ ಮಾತ್ರಕ್ಕೆ ಜಮೀನು ನಿಮ್ಮದಾಗುವುದಿಲ್ಲ. ಅರ್ಜಿ ಬಾಕಿ ಇರುವಾಗ ‘ಫಾರಂ 57 ಹಾಕಿದೆ, ಬರುತ್ತೆ’ ಅಂತ ಹೇಳಿ ಮಾರುವವರಿದ್ದಾರೆ. ಕೊಳ್ಳಬೇಡಿ.

ಕೆರೆ ಅಂಗಳದಲ್ಲಿ ನಮ್ಮ ತಾತನ ಕಾಲದಿಂದ ಟೊಮೆಟೊ, ರಾಗಿ ಬೆಳೀತಿದ್ದೀವಿ. ಅದೂ ಸಕ್ರಮ ಆಗುತ್ತಾ?

ಆಗುವುದಿಲ್ಲ. ತಾತನ ಕಾಲದಲ್ಲಿ ನೀರು ಬತ್ತಿದಾಗ ಒಂದು ಬೆಳೆ ತೆಗೆದಿರಬಹುದು, ಆದರೆ ಅಂಗಳ ಕೆರೆಯದ್ದೇ. 2011ರ ಜನವರಿ 28ರಂದು ಪಂಜಾಬಿನ ಒಂದು ಹಳ್ಳಿ ಕೆರೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಲವಾದ ಮಾತು ಹೇಳಿತು. ಊರಿನ ಸಾಮೂಹಿಕ ಜಾಗದ ಒತ್ತುವರಿ ಎಷ್ಟೇ ಹಳೆಯದಾಗಿರಲಿ, ಎಷ್ಟೇ ದುಡ್ಡು ಸುರಿದು ಕಟ್ಟಿರಲಿ, ಅದನ್ನು ಸಕ್ರಮ ಮಾಡಲು ಅದು ನೆಪ ಅಲ್ಲ ಅಂತ. ಎಲ್ಲ ರಾಜ್ಯಗಳೂ ತೆರವಿಗೆ ಯೋಜನೆ ಮಾಡಬೇಕು ಅಂತಲೂ ಹೇಳಿತು.

ವರ್ಷವಿಡೀ ಹರಿಯುವ ನದಿ ಇಲ್ಲದ ನಮ್ಮ ಸೀಮೆಗೆ ಕೆರೆಯೇ ಗತಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ತರುವ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿ, ಒತ್ತುವರಿ ಎಲ್ಲಿವರೆಗೆ ಅಂತ ನೀರೇ ಗೆರೆ ಎಳೆದು ತೋರಿಸಿತು.

ಗೋಮಾಳದ್ದು ಬೇರೆ ಲೆಕ್ಕ. ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಊರಿನ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಉಳಿಸಬೇಕು. ಹೆಚ್ಚಿಗೆ ಇದ್ದರೆ ಮಾತ್ರ ಮಂಜೂರಾತಿಯ ಮಾತು. ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಬಾರದ ಜಾಗ), ಸ್ಮಶಾನ, ರಾಜಕಾಲುವೆ, ಅರಣ್ಯ ಇವುಗಳ ಆಸೆ ಬಿಡಿ. ಅರಣ್ಯದಲ್ಲಂತೂ ತಹಶೀಲ್ದಾರರು ಒಪ್ಪಿದರೂ ಸಾಲದು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. 2023ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅರಣ್ಯ ಒತ್ತುವರಿ ತೆರವಿಗೆ ಫಸಲಿಗೆ ಬಂದಿದ್ದ ಮಾವಿನ ಮರಗಳು ನೆಲಕ್ಕೆ ಬಿದ್ದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹನ್ನೆರಡು ವರ್ಷ ಅನುಭವದಲ್ಲಿದ್ರೆ ಜಮೀನು ನಮ್ಮದೇ ಆಗುತ್ತಂತಲ್ಲ?

ಖಾಸಗಿ ಜಮೀನಾದರೆ 12 ವರ್ಷ, ಸರ್ಕಾರಿ ಜಮೀನಾದರೆ 30 ವರ್ಷ. 1963ರ ಕಾಲಮಿತಿ ಕಾಯ್ದೆಯಲ್ಲಿ ಇದೆ. ಆದರೆ ಬರೀ ವರ್ಷ ಎಣಿಸಿದರೆ ಆಗದು. ಮಾಲೀಕರಿಗೆ ಎದುರಾಗಿ, ಎಲ್ಲರಿಗೂ ಗೊತ್ತಾಗುವಂತೆ, ಬಿಡದೆ ಅನುಭವಿಸಿರಬೇಕು. ಬಾಡಿಗೆಗೆ, ವಾರಕ್ಕೆ, ‘ಮಾವ, ನೋಡಿಕೊಳ್ಳಿ’ ಅಂತ ಬಿಟ್ಟದ್ದಕ್ಕೆ ಇದು ಬರುವುದಿಲ್ಲ. ಇನ್ನೊಂದು ಗುಂಡಿ ಇದೆ. ಫಾರಂ 57 ಹಾಕುವುದು ಅಂದರೆ ಜಮೀನು ಸರ್ಕಾರದ್ದು ಅಂತ ಒಪ್ಪಿಕೊಂಡ ಹಾಗೆ. ಆಮೇಲೆ ಕೋರ್ಟಿನಲ್ಲಿ ‘ಸರ್ಕಾರಕ್ಕೆ ಎದುರಾಗಿ ಅನುಭವಿಸಿದೆ’ ಅಂದರೆ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡುತ್ತಾರೆ.

ಪಕ್ಕದವನು ನಮ್ಮ ಬದು ಒತ್ತಿ ಕಲ್ಲು ನೆಟ್ಟಿದ್ದಾನೆ. ಅವನದ್ದೇ ಅಕ್ರಮ ಅಂದ್ಮೇಲೆ ನಾನೇ ಕಿತ್ತು ಎಸೆದ್ರೆ ಏನು ತಪ್ಪು?

ಅವನು ನೆಡುತ್ತಿರುವಾಗಲೇ ತಡೆದರೆ ಒಂದು ಮಾತು. ನೆಟ್ಟು, ಕಾಲ ಕಳೆದು, ಅವನ ಸ್ವಾಧೀನ ಗಟ್ಟಿಯಾದ ಮೇಲೆ ನೀವೇ ಕೈಹಾಕಿದರೆ ಈಗ ಅಕ್ರಮ ನಿಮ್ಮದು. ಒತ್ತುವರಿ ಮಾಡಿದವನನ್ನೂ ಕಾನೂನಿನ ದಾರಿಯಲ್ಲೇ ಹೊರಹಾಕಬೇಕು ಅಂತ ಸುಪ್ರೀಂ ಕೋರ್ಟ್ 2003ರಲ್ಲಿ, ಅದೂ ನಮ್ಮ ರಾಜ್ಯದಿಂದ ಹೋದ ಕೇಸಿನಲ್ಲೇ ಹೇಳಿದೆ. ಬಲವಂತವಾಗಿ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹಾಕಿದರೆ, ಮಾಲೀಕ ಯಾರು ಅಂತ ಕೇಳದೆಯೇ ಸ್ವಾಧೀನ ವಾಪಸ್ ಕೊಡಿಸಬಹುದು. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅದು.

ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯವರು ಬಂದು ಅಳೆದು ಕಲ್ಲು ತೋರಿಸಲಿ. ಆ ನಕ್ಷೆ ಹಿಡಿದುಕೊಂಡು ಸಿವಿಲ್ ಕೋರ್ಟಿಗೆ ಬನ್ನಿ. ನಿಧಾನ, ಗೊತ್ತು. ಆದರೆ ಒಂದು ಗುಂಟೆ ಬದುವಿಗೆ ತಲೆ ಒಡೆದುಕೊಂಡು ಆಮೇಲೆ ನಾಲ್ಕು ಗುಂಟೆ ಮಾರಿ ಜಾಮೀನು ಮಾಡಿಸಿಕೊಂಡವರನ್ನು ನೋಡಿದ್ದೇನೆ.

ಕಟ್ಟಡ ಅಕ್ರಮ ಅಂತ ಜೆಸಿಬಿ ತಂದು ನಿಲ್ಲಿಸಿದ್ದಾರೆ. ಹೀಗೆ ಏಕಾಏಕಿ ಕೆಡವಬಹುದಾ?

ಖಾಸಗಿ ಜಾಗದಲ್ಲಿ ಕಟ್ಟಿದ್ದಾದರೆ ಆಗದು. ಸುಪ್ರೀಂ ಕೋರ್ಟಿನ 2024ರ ನವೆಂಬರ್ 13ರ ತೀರ್ಪಿನ ಪ್ರಕಾರ ಕನಿಷ್ಠ 15 ದಿನದ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು, ಕಾರಣ ಬರೆದ ಆದೇಶ ಮಾಡಬೇಕು. ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ಕೆರೆ ನದಿಗಳ ಜಾಗಕ್ಕೆ ಈ ರಕ್ಷಣೆ ಇಲ್ಲ.

ಟೌನಲ್ಲಿ ರೆವಿನ್ಯೂ ಸೈಟು ತಗೊಂಡಿದ್ದೀನಿ. ಕಂದಾಯ ಕಟ್ತಿದ್ದೀನಿ, ಬಿ ಖಾತೆನೂ ಆಯ್ತು. ಇನ್ನು ಸಕ್ರಮ ಅಲ್ವಾ?

ಅಲ್ಲ. ಕಂದಾಯ ಕಟ್ಟಿಸಿಕೊಳ್ಳುವುದು ಬೇರೆ, ಒಪ್ಪಿಗೆ ಕೊಡುವುದು ಬೇರೆ. ಭೂಪರಿವರ್ತನೆ ಆಗದ, ನಕ್ಷೆ ಮಂಜೂರಾಗದ ಬಡಾವಣೆ ಬಿ ಖಾತೆಯಿಂದ ಅಧಿಕೃತ ಆಗುವುದಿಲ್ಲ. 2025ರಲ್ಲಿ ನಗರಸಭೆ, ಪುರಸಭೆಗಳಲ್ಲಿ ಬಿ ಖಾತೆ ಕೊಟ್ಟಾಗ ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದಲೂ ‘ಎಲ್ಲ ಸರಿಹೋಯ್ತು’ ಅಂತ ಫೋನ್ ಬಂತು. ತೆರಿಗೆ ಪುಸ್ತಕಕ್ಕೆ ಹೆಸರು ಹತ್ತಿತು, ಅಷ್ಟೇ.

ಪಟ್ಟಣದ ‘ಅಕ್ರಮ-ಸಕ್ರಮ’ ಅಂತ ಹೆಸರಾದ ಯೋಜನೆ ಬೇರೆ. ವಾಸದ ಕಟ್ಟಡಕ್ಕೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರ ತನಕದ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಲೆಕ್ಕ ಅದು. ಹೈಕೋರ್ಟ್ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

## ಕಲ್ಲು, ಮಣ್ಣು, ಅದಿರು

ಲೈಸೆನ್ಸ್ ಇರೋ ಕ್ವಾರಿನೂ ಅಕ್ರಮ ಅಂತ ಹೇಗೆ ಹೇಳ್ತಾರೆ?

ಗುತ್ತಿಗೆ ಇರುವುದು ಒಂದು ಗೆರೆಯೊಳಗೆ, ಒಂದು ಪ್ರಮಾಣಕ್ಕೆ, ಕೆಲವು ಷರತ್ತಿಗೆ. ಗೆರೆ ದಾಟಿ ತೋಡಿದರೆ ಅದು ನೇರ ಅಕ್ರಮ ಗಣಿಗಾರಿಕೆ. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಇದಕ್ಕೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ತೆಗೆದವರಷ್ಟೇ ಅಲ್ಲ, ಪರ್ಮಿಟ್ ಇಲ್ಲದೆ ಸಾಗಿಸುವ ಟಿಪ್ಪರ್, ಶೇಖರಿಸಿಟ್ಟ ಯಾರ್ಡ್ ಕೂಡ ಸಿಕ್ಕಿಬೀಳುತ್ತವೆ.

ಗೆರೆಯೊಳಗೇ ಇದ್ದು ಪರಿಸರ ಅನುಮತಿ ಇಲ್ಲದೆ, ಅಥವಾ ಅನುಮತಿಗಿಂತ ಜಾಸ್ತಿ ತೆಗೆದರೆ? ಅದು ಬರೀ ಷರತ್ತು ಉಲ್ಲಂಘನೆ, ಅಕ್ರಮ ಅಲ್ಲ ಅಂತ ಗಣಿಯವರು ವಾದಿಸಿದರು. ಒಡಿಶಾದ ಕೇಸಿನಲ್ಲಿ 2017ರ ಆಗಸ್ಟ್ 2ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಾಗೆ ತೆಗೆದ ಅದಿರಿನ ಪೂರ್ತಿ ಬೆಲೆ ವಸೂಲಿ ಮಾಡಬಹುದು ಅಂದಿತು.

ಅಕ್ರಮವನ್ನು ಶೇಕಡಾ ಲೆಕ್ಕದಲ್ಲಿ ಅಳೆದದ್ದೂ ಉಂಟು, ಅದೂ ನಮ್ಮ ಪಕ್ಕದಲ್ಲೇ. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿ, ಚಿತ್ರದುರ್ಗದ ಜೊತೆ ತುಮಕೂರು ಜಿಲ್ಲೆಯ ಕಬ್ಬಿಣದ ಗಣಿಗಳೂ ನಿಂತವು. ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಗುತ್ತಿಗೆಯ ಹೊರಗೆ ತೋಡಿದ ಗುಂಡಿ ಶೇ 10, ಸುರಿದ ತ್ಯಾಜ್ಯದ ರಾಶಿ ಶೇ 15 ಮೀರಿದವು ‘ಸಿ’. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ಗುತ್ತಿಗೆಗಳು ರದ್ದಾದವು. ಕಡಿಮೆ ತಪ್ಪಿದವರು ದಂಡ, ಪರಿಹಾರ ಕಟ್ಟಿ ಮತ್ತೆ ಶುರು ಮಾಡಿದರು.

ದಂಡ ಕಟ್ಟಿ ರಾಜಿ ಮಾಡ್ಕೊಂಡ್ರೆ ಕೇಸು ಮುಗೀತಲ್ಲ?

ಗಣಿ ಕಾಯ್ದೆಯ ಕೇಸು ಮುಗಿಯುತ್ತದೆ. ಕಳ್ಳತನದ ಕೇಸು ಮುಗಿಯಬೇಕಿಲ್ಲ. ನೆಲದೊಳಗಿನ ಮರಳು, ಕಲ್ಲು ಸರ್ಕಾರದ್ದಾದರೆ ಅದನ್ನು ಕದ್ದದ್ದು ಬೇರೆಯೇ ಅಪರಾಧ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2020ರಲ್ಲಿ ಇನ್ನಷ್ಟು ಬಿಡಿಸಿ ಹೇಳಿತು. ಸ್ಫೋಟಕ ಇದ್ದರೆ ಅದಕ್ಕೆ ಮತ್ತೆ ಪ್ರತ್ಯೇಕ ಕಾಯ್ದೆಗಳು. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು 6 ಜನ ಸತ್ತರು. ಅಂಥದ್ದಕ್ಕೆ ರಾಜಿ ಎಲ್ಲಿ?

## ಸ್ವಲ್ಪ ಆಳದ ಪ್ರಶ್ನೆಗಳು

ಬಾಜಿ ಕಟ್ಟಿ ಗೆದ್ದೆ, ದುಡ್ಡು ಕೊಡ್ತಿಲ್ಲ. ಕೋರ್ಟಲ್ಲಿ ಕೇಳಬಹುದಾ?

ಆಗುವುದಿಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿ ಕರಾರು ಅಮಾನ್ಯ. ಆದರೆ ಅಮಾನ್ಯ ಆದದ್ದೆಲ್ಲ ಅಕ್ರಮ ಅಲ್ಲ ಅಂತ 1959ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇಬ್ಬರು ಪಾಲುದಾರರು ಸೇರಿ ಬಾಜಿ ವ್ಯವಹಾರ ಮಾಡಿ ನಷ್ಟವಾದಾಗ, ಅವರಿಬ್ಬರ ನಡುವಿನ ಲೆಕ್ಕ ಕೇಳಬಹುದು ಅಂತ ಆ ಕೇಸು. ಉದ್ದೇಶವೇ ಅಕ್ರಮ ಆದರೆ, ಉದಾಹರಣೆಗೆ ಲಂಚಕ್ಕೆ ಕೊಟ್ಟ ದುಡ್ಡು, 23ನೇ ಕಲಂ ಅದಕ್ಕೆ ಸಂಬಂಧಿಸಿದ್ದನ್ನೂ ಹಾಳು ಮಾಡುತ್ತದೆ.

ಇದರ ಜೊತೆಗೇ ಬರುವುದು ಬೀದಿ ಚೀಟಿ. ನೋಂದಣಿ ಇಲ್ಲದೆ ಚೀಟಿ ನಡೆಸುವುದು 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಅಪರಾಧ. ‘ಅಕ್ಕ ನಂಬಿಕಸ್ಥೆ’ ಅನ್ನುವುದು ನೋಂದಣಿ ಅಲ್ಲ.

ಕದ್ದು ರೆಕಾರ್ಡ್ ಮಾಡಿದ ಆಡಿಯೋ ಇದೆ. ಅಕ್ರಮವಾಗಿ ಪಡೆದ ಸಾಕ್ಷಿ ಅಂತ ತಳ್ಳಿಹಾಕ್ತಾರಾ?

ಸಾಮಾನ್ಯವಾಗಿ ಇಲ್ಲ. ವಿಷಯಕ್ಕೆ ಸಂಬಂಧ ಇದ್ದರೆ, ಪಡೆದ ದಾರಿ ಅಕ್ರಮ ಅನ್ನುವ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ಸುಪ್ರೀಂ ಕೋರ್ಟಿನ ಹಳೆಯ ಪೂರಣಮಲ್ ಪ್ರಕರಣದಿಂದ ಬಂದ ದಾರಿ ಇದು. ಗಂಡ ಹೆಂಡತಿಯ ಮಾತನ್ನು ಒಬ್ಬರು ಕದ್ದು ರೆಕಾರ್ಡ್ ಮಾಡಿದ್ದನ್ನು ವಿಚ್ಛೇದನದ ಕೇಸಿನಲ್ಲಿ ಬಳಸಬಹುದು ಅಂತ 2025ರ ಜುಲೈನಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಮಾದಕ ವಸ್ತು ಕೇಸುಗಳಲ್ಲಿ ಮಾತ್ರ ಮೈ ಶೋಧನೆಯ ಕ್ರಮ ತಪ್ಪಿದರೆ ಆರೋಪಿ ಪಾರಾಗುವುದುಂಟು. ಆಡಿಯೋ ಇರುವ ಫೋನನ್ನೇ ಜೋಪಾನವಾಗಿ ಇಡಿ. ವಾಟ್ಸಾಪಿನಲ್ಲಿ ಹತ್ತು ಕೈ ಬದಲಾದದ್ದನ್ನು ತಂದರೆ ಅದು ಬೇರೆ ತಲೆನೋವು.

ಕನ್ನಡ ಆದೇಶದಲ್ಲಿ ‘ಅಕ್ರಮ’ ಅಂತ ಇದೆ. ಎದುರು ಪಾರ್ಟಿ ವಕೀಲರು ಅದು ಬರೀ ನ್ಯೂನತೆ ಅಂತಾರೆ. ಏನು ವ್ಯತ್ಯಾಸ?

ಭಾರೀ ವ್ಯತ್ಯಾಸ. ಇಂಗ್ಲಿಷಿನಲ್ಲಿ ನಾಲ್ಕೈದು ಬೇರೆ ಬೇರೆ ಪದಗಳಿರುವ ಕಡೆಗೆಲ್ಲ ಕನ್ನಡದಲ್ಲಿ ಅಕ್ರಮ ಒಂದನ್ನೇ ದುಡಿಸುತ್ತೇವೆ. ಆದರೆ ಕಾರ್ಯವಿಧಾನದ ಚಿಕ್ಕ ತಪ್ಪು ಬೇರೆ, ಅಧಿಕಾರವೇ ಇಲ್ಲದೆ ಮಾಡಿದ್ದು ಬೇರೆ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 506ನೇ ಕಲಂ ಮ್ಯಾಜಿಸ್ಟ್ರೇಟರು ಪ್ರಾಮಾಣಿಕವಾಗಿ ಮಾಡಿದ ಕೆಲವು ತಪ್ಪುಗಳಿಂದ ಕೇಸು ಹಾಳಾಗದು ಅನ್ನುತ್ತದೆ. 507ನೇ ಕಲಂ ಹಾಳಾಗುವಂಥವನ್ನು ಪಟ್ಟಿ ಮಾಡುತ್ತದೆ. ಕನ್ನಡದ ಅನುವಾದದಲ್ಲಿ ಎರಡಕ್ಕೂ ಅಕ್ರಮ ಅಂತ ಬರೆದರೆ ಓದುವವರ ಗತಿ?

ರಾಜ್ಯದ ಕಾಯ್ದೆಯ ಕನ್ನಡ ಪಾಠಕ್ಕೂ ಇಂಗ್ಲಿಷ್ ಪಾಠಕ್ಕೂ ಜಗಳ ಬಂದರೆ, ಸಂವಿಧಾನದ 348ನೇ ವಿಧಿ ಪ್ರಕಾರ ಗೆಜೆಟ್‌ನಲ್ಲಿ ಪ್ರಕಟವಾದ ಇಂಗ್ಲಿಷ್ ಪಾಠವೇ ಅಧಿಕೃತ. ಕನ್ನಡದಲ್ಲೇ ಬರೆದುಕೊಂಡು ಬಂದ ನನಗೆ ಇದು ಬೇಜಾರಿನ ಸಂಗತಿ. ಆದರೂ ನ್ಯೂನತೆ, ಲೋಪ, ಅಕ್ರಮ ಅಂತ ಬೇರೆ ಬೇರೆ ಬಳಸುವುದನ್ನು ನಾವು ರೂಢಿ ಮಾಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಊರಲ್ಲಿ ಒಬ್ಬರ ಅಕ್ರಮದ ಬಗ್ಗೆ ದೂರು ಬರೀಬೇಕು. ಮಾನನಷ್ಟ ಅಂತ ನನ್ನ ಮೇಲೇ ಕೇಸು ಹಾಕಿದ್ರೆ?

ಅಧಿಕಾರ ಇರುವ ಕಚೇರಿಗೆ, ಒಳ್ಳೆ ನಂಬಿಕೆಯಿಂದ ಕೊಟ್ಟ ದೂರು ಮಾನನಷ್ಟ ಅಲ್ಲ. ನ್ಯಾಯ ಸಂಹಿತೆ 356ರ ಕೆಳಗೇ ಆ ವಿನಾಯಿತಿ ಇದೆ. ಅದೇ ದೂರನ್ನು ಕರಪತ್ರ ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಹಂಚಿದರೆ, ಸ್ಟೇಟಸ್ ಹಾಕಿದರೆ ವಿನಾಯಿತಿ ಸಡಿಲವಾಗುತ್ತದೆ.

ದೂರಿನಲ್ಲಿ ವಿಶೇಷಣ ಕಡಿಮೆ ಮಾಡಿ. ‘ಇವರು ದೊಡ್ಡ ಅಕ್ರಮಕೋರರು, ಕೋಟ್ಯಂತರ ನುಂಗಿದ್ದಾರೆ’ ಅಂತ ಶುರುವಾಗುವ ಅರ್ಜಿ ಕಟ್ಟಿನ ಅಡಿಗೆ ಹೋಗುತ್ತದೆ. ನಾನು ಬರೆದುಕೊಡುವುದು ಹೀಗೆ: ‘ನಮ್ಮ ಗ್ರಾಮದ ಇಂಥ ಸರ್ವೆ ನಂಬರಿನ ಸರ್ಕಾರಿ ಕೆರೆಯ ಪೂರ್ವ ಅಂಚಿನಲ್ಲಿ ಸುಮಾರು 20 ಗುಂಟೆ ಜಾಗಕ್ಕೆ ಈ ತಿಂಗಳು ಕಲ್ಲುಕಂಬ ನೆಟ್ಟು ತಂತಿಬೇಲಿ ಹಾಕಲಾಗಿದೆ. ನಕ್ಷೆಯ ಪ್ರತಿ ಮತ್ತು ಫೋಟೋ ಲಗತ್ತಿಸಿದೆ. ಸರ್ವೆ ಮಾಡಿಸಿ, ಒತ್ತುವರಿ ಇದ್ದಲ್ಲಿ ಭೂಕಂದಾಯ ಕಾಯ್ದೆಯ 104ನೇ ಕಲಂ ಪ್ರಕಾರ ತೆರವು ಮಾಡಿಸಬೇಕೆಂದು ಕೋರುತ್ತೇನೆ.’ ಇದರಲ್ಲಿ ಅಕ್ರಮ ಅನ್ನುವ ಪದ ಎಲ್ಲೂ ಇಲ್ಲ, ನೋಡಿ.